ಹಳೆಯ ಮನೆಯ ತೊಲೆ, ಇಟ್ಟಿಗೆ, ಫರಶಿ: ಹೊಸ ಮನೆಗೆ ಬಳಸುವುದು ಹೇಗೆ?

ಆಲಮಟ್ಟಿಯ ಹಿನ್ನೀರಿನಿಂದಾಗಿ ಊರಿನ ಒಂದು ಭಾಗವೇ ನವನಗರಕ್ಕೆ ಸ್ಥಳಾಂತರಗೊಂಡ ಬಾಗಲಕೋಟೆಯಲ್ಲಿ ಹಳೆಯ ಮನೆ ಕೆಡಹುವುದು ಹೊಸ ಸಂಗತಿಯಲ್ಲ. ಆದರೆ ಜೆಸಿಬಿಯ ಹೊಡೆತಕ್ಕೆ ಸೀಳಿದ ಸಾಗವಾನಿ ತೊಲೆಗಳು ಒಲೆಯ ಪಾಲಾಗುವುದನ್ನು ಕಂಡಾಗ ಸಂಕಟವಾಗುತ್ತದೆ. ಅವನ್ನು ಉಳಿಸಿಕೊಳ್ಳಬೇಕೆನ್ನುವವರು ಸಾಮಾನಿನ ಅಳತೆಯನ್ನು ಮೊದಲು ತೆಗೆದು, ಹೊಸ ಮನೆಯ ನಕ್ಷೆಯನ್ನು ಆಮೇಲೆ ಬರೆಸಬೇಕು.

ಮನೆಯನ್ನು ಕಟ್ಟಿದ ಕ್ರಮಕ್ಕೆ ಹಿಮ್ಮುಖವಾಗಿ ಬಿಚ್ಚಿಸಿರಿ: ಮಾಳಿಗೆಯ ಮಣ್ಣು, ಹಲಗೆ, ಜಂತಿ, ತೊಲೆ, ಕಂಬ, ಕೊನೆಗೆ ಗೋಡೆ. ಕಂಬ, ಬೋದಿಗೆ, ಚೌಕಟ್ಟುಗಳಿಗೆ ಮೊದಲೇ ಬಣ್ಣದಿಂದ ಸಂಖ್ಯೆ ಬರೆದು ಫೋಟೊ ತೆಗೆದಿಟ್ಟರೆ ಬಡಿಗೇರರಿಗೆ ಮರುಜೋಡಣೆ ಸುಲಭವಾಗುತ್ತದೆ.

ಕಟ್ಟಿಗೆಯ ಪರೀಕ್ಷೆಗೆ ಅವಸರ ಸಲ್ಲದು. ತೊಲೆಯ ನಡುಭಾಗ ಎಷ್ಟೇ ಗಟ್ಟಿಯಾಗಿ ಕಂಡರೂ, ಗೋಡೆಯೊಳಗೆ ಹುದುಗಿದ್ದ ಎರಡು ತುದಿಗಳು ತೇವ ಹೀರಿ ಮೊದಲು ಕೆಟ್ಟಿರುತ್ತವೆ. ಸುತ್ತಿಗೆಯಿಂದ ಬಡಿದಾಗ ಟೊಳ್ಳು ಸದ್ದು ಬಂದರೆ, ಇಲ್ಲವೆ ಒತ್ತಿದ ಮೊಳೆ ಸಲೀಸಾಗಿ ಒಳಗಿಳಿದರೆ ಅಷ್ಟು ಭಾಗವನ್ನು ಕೊಯ್ದು ತೆಗೆಯಬೇಕು. 10 ಅಡಿಯ ತೊಲೆಯ ಎರಡೂ ಕಡೆ ಒಂದೊಂದು ಅಡಿ ಹೋದರೆ ಉಳಿಯುವುದು 8 ಅಡಿ. ಅದರಲ್ಲಿ ಗೋಡೆಯ ಮೇಲೆ ಕೂರಲು ಅತ್ತ 9 ಇಂಚು, ಇತ್ತ 9 ಇಂಚು ಬೇಕಾಗುವುದರಿಂದ ಆರೂವರೆ ಅಡಿ ಅಗಲದ ಪಡಸಾಲೆಗೋ ದೇವರ ಕೋಣೆಗೋ ಅದು ಒದಗುತ್ತದೆ. ಮೊಳೆಗಳನ್ನೆಲ್ಲ ಕಿತ್ತು, ನೆರಳಿನಲ್ಲಿ ಒಣಗಿಸಿ, ಒರಲೆ ತಡೆಯಲು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಹಚ್ಚಿಸಬಹುದು. ಮಳೆನೀರಿಗೆ ಇದು ತೊಳೆದುಹೋಗುತ್ತದೆ, ಆದ್ದರಿಂದ ಒಳಾಂಗಣದ ಕಟ್ಟಿಗೆಗೆ ಮಾತ್ರ ಸರಿ.

ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಯ ಇಟ್ಟಿಗೆಗಳು ಇಡಿಯಾಗಿ ಬಿಡಿಸಿಬರುತ್ತವೆ. ಸಿಮೆಂಟಿನಲ್ಲಿ ಕಟ್ಟಿದ್ದರೆ ಗಾರೆಗಿಂತ ಮೊದಲು ಇಟ್ಟಿಗೆಯೇ ಒಡೆಯುತ್ತದೆ. ಒಣಗಿದ ಇಟ್ಟಿಗೆಯನ್ನು ತೂಗಿ, 24 ಗಂಟೆ ನೀರಿನಲ್ಲಿಟ್ಟು ಮತ್ತೆ ತೂಗಿರಿ. 3 ಕಿಲೊ ಇಟ್ಟಿಗೆ 600 ಗ್ರಾಂಗಿಂತ ಹೆಚ್ಚು ನೀರು ಕುಡಿದಿದ್ದರೆ ಭಾರ ಹೊರುವ ಗೋಡೆಗೆ ಬೇಡ, ಅಂಗಳದ ಕಟ್ಟೆಗೆ ಸಾಕು. ಸವೆದ ಫರಶಿಯನ್ನು ಮಗುಚಿ, ಗೌಂಡಿಯಿಂದ ಅಂಚು ಸರಿಪಡಿಸಿ ಹಾಸಿಸಬಹುದು.

ತುಕ್ಕು ಹಿಡಿದ ಹಳೆಯ ಕಬ್ಬಿಣದ ಸರಳುಗಳನ್ನು ಛತ್ತಿಗೆ ಬಳಸಲೇಬಾರದು. ಆಸ್ಬೆಸ್ಟಾಸ್ ಶೀಟುಗಳನ್ನು ಒಡೆಯುವುದಾಗಲಿ ಕೊಯ್ಯುವುದಾಗಲಿ ಬೇಡ, ಅದರ ಧೂಳು ಪುಪ್ಪುಸಕ್ಕೆ ಅಪಾಯಕಾರಿ.

ಉಳಿದುದರ ಉದ್ದ, ಅಗಲ, ಸಂಖ್ಯೆಗಳ ಯಾದಿಯನ್ನು ಎಂಜಿನಿಯರರ ಮುಂದಿಟ್ಟು, ತೊಲೆಗಳು ಹೊರಬಹುದಾದ ಭಾರವನ್ನು ಲೆಕ್ಕ ಹಾಕಿಸಿ ಕೋಣೆಗಳ ಅಗಲ ನಿರ್ಧರಿಸಿರಿ. ಹಳೆಯ ತಲೆಬಾಗಿಲು ಗಿಡ್ಡವಾಯಿತೆಂದು ಕೆಲವರು ಮಾರಿಬಿಡುತ್ತಾರೆ. ಹಾಗೆ ಮಾಡುವ ಬದಲು, ಚೌಕಟ್ಟಿನ ಕೊಳೆತ ಬುಡವನ್ನಷ್ಟೇ ಕೊಯ್ದು, ಆ ಜಾಗಕ್ಕೆ ಬೇಕಾದಷ್ಟು ಎತ್ತರದ ಕಲ್ಲು ಕೂರಿಸಿದರೆ ಬಾಗಿಲು ಎತ್ತರವಾಗುತ್ತದೆ, ಮೇಲಿನ ಕೆತ್ತನೆಯೂ ಇದ್ದಂತೆಯೇ ಉಳಿಯುತ್ತದೆ.