ಸಣ್ಣ ಬ್ಯಾಟರಿಯಲ್ಲೇ ಬಿಲ್ ಇಳಿಸಿದ ನನ್ನ ಅನುಭವ

ಬ್ಯಾಟರಿಗೆ ಹಾಕಿದ ದುಡ್ಡು ಹುಟ್ಟುವುದಿಲ್ಲ ಅಂತ ಹೇಳಿದವರೇ ಜಾಸ್ತಿ. ಸರಕು ತಣ್ಣಗಿಡುವ ನನ್ನ ಕೋಲ್ಡ್ ರೂಮನ್ನು ರಾತ್ರಿಯಿಡೀ ಬ್ಯಾಟರಿಯಲ್ಲಿ ಓಡಿಸುವ ಲೆಕ್ಕ ಹಾಕಿದರೆ ಅವರ ಮಾತು ನಿಜ. ನಾನು ಆ ಲೆಕ್ಕವನ್ನೇ ಕೈಬಿಟ್ಟೆ. ನನ್ನ ಬ್ಯಾಟರಿಗೆ ಎರಡೇ ಕೆಲಸ: ಡಿಮ್ಯಾಂಡ್ (ಲೈನಿಂದ ಒಮ್ಮೆಗೆ ಎಳೆಯುವ ಗರಿಷ್ಠ ಪವರ್) ಏರದಂತೆ ತಡೆಯುವುದು, ಸಂಜೆಯ ದುಬಾರಿ ಯೂನಿಟ್ ತಪ್ಪಿಸುವುದು.

ಸೋಲಾರ್ ಪ್ಯಾನೆಲ್ ಸುಮಾರು 40 ಕಿಲೋವ್ಯಾಟ್, ಬ್ಯಾಟರಿ 30 ಯೂನಿಟ್ ಚಿಲ್ಲರೆ. ಮೊದಲು ಬರೀ ಪ್ಯಾನೆಲ್ ಇತ್ತು. ಯೂನಿಟ್ ಅರ್ಧದಷ್ಟು ಇಳಿದರೂ ಬಿಲ್ ಕಾಲು ಭಾಗವೂ ಇಳಿಯಲಿಲ್ಲ. ಮೋಡ ಕವಿದ ಹೊತ್ತಲ್ಲಿ ಎರಡೂ ಕಂಪ್ರೆಸರ್ ಕಾಲು ಗಂಟೆ ಒಟ್ಟಿಗೆ ಓಡಿದರೆ ಸಾಕು, ಆ ತಿಂಗಳ ಡಿಮ್ಯಾಂಡ್ ಚಾರ್ಜು ಆ ಎತ್ತರಕ್ಕೇ ನಿಗದಿಯಾಗಿಬಿಡುತ್ತಿತ್ತು. ಜೊತೆಗೆ ಪವರ್ ಫ್ಯಾಕ್ಟರ್ ಕಾಟ, ಅಂದರೆ ಲೈನಿಂದ ಎಳೆದ ಪವರಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು. ಕಿಲೋವ್ಯಾಟನ್ನು ಸೋಲಾರ್ ಕೊಡುತ್ತಿತ್ತು, ಮೋಟರಿನ ರಿಯಾಕ್ಟಿವ್ (ಕಾಂತಕ್ಷೇತ್ರಕ್ಕೆ ಬೇಕಾಗುವ, ಕೆಲಸವಾಗಿ ಬದಲಾಗದ ಪವರ್) ಮಾತ್ರ ಪೂರ್ತಿ ಲೈನಿಂದಲೇ. ಮಧ್ಯಾಹ್ನ ಮೀಟರ್ 0.7 ತೋರಿಸಿ ದಂಡ ಬೀಳುತ್ತಿತ್ತು. ಇನ್ವರ್ಟರಿನಿಂದಲೇ ರಿಯಾಕ್ಟಿವ್ ಕೊಡುವ ಹಾಗೆ ಸೆಟ್ಟಿಂಗ್ ಬದಲಿಸಿದ ಮೇಲೆ ಅದು ನಿಂತಿತು.

ಅಗ್ಗಕ್ಕೆ ಸಿಗುತ್ತೆ ಅಂತ ಮಾರಾಟಗಾರರು ಕೂರಿಸಿದ ಲೆಡ್ ಆಸಿಡ್ ಬ್ಯಾಟರಿಗಳು ಎರಡನೇ ವರ್ಷಕ್ಕೇ ಅರ್ಧ ಸತ್ತವು. ಬಿಸಿ ಕೋಣೆ, ದಿನಾ ಆಳಕ್ಕೆ ಡಿಸ್ಚಾರ್ಜ್. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಈಗಿರುವುದು ಎಲ್‌ಎಫ್‌ಪಿ, ಒಂದು ಬಗೆಯ ಲಿಥಿಯಂ ಬ್ಯಾಟರಿ. 20 ಪರ್ಸೆಂಟ್‌ಗಿಂತ ಕೆಳಗೆ ಇಳಿಸುವುದಿಲ್ಲ. ಬ್ಯಾಟರಿಯನ್ನು ನೋಡಿಕೊಳ್ಳುವ ಬಿಎಂಎಸ್ ಅದರ ಆರೋಗ್ಯವನ್ನು ಇವತ್ತಿಗೂ 90 ಪರ್ಸೆಂಟ್‌ ಮೇಲೆ ತೋರಿಸುತ್ತದೆ.

ಆದರೂ ಶುರುವಿನಲ್ಲಿ ಡಿಮ್ಯಾಂಡ್ ಇಳಿಯಲೇ ಇಲ್ಲ. ಕೂರಿಸಿದವರು ಸಿಟಿಯನ್ನು (ಕರೆಂಟ್ ಅಳೆಯುವ ಸಾಧನ) ಒಂದು ಸಬ್‌ಪ್ಯಾನೆಲ್‌ಗೆ, ಅಂದರೆ ಒಂದು ಭಾಗದ ಲೋಡಿನ ಬೋರ್ಡಿಗೆ ಹಾಕಿದ್ದರು. ಪ್ಯಾಕಿಂಗ್ ಮೆಷಿನಿನ ಲೋಡು ಬ್ಯಾಟರಿಗೆ ಕಾಣುತ್ತಲೇ ಇರಲಿಲ್ಲ. ಎಲ್ಲ ಕರೆಂಟ್ ಒಳಬರುವ ಮೇನ್ ಇನ್‌ಕಮರ್‌ಗೆ ಬದಲಿಸಿದ ದಿನವೇ ಆಟ ಬದಲಾಯಿತು. ಕಂಪ್ರೆಸರ್ ಎದ್ದಾಗ ಗ್ರಾಫಿನಲ್ಲಿ ಲೋಡಿನ ಗೆರೆ 38 ಕಿಲೋವ್ಯಾಟ್‌ಗೆ ಹಾರುತ್ತದೆ, ಗ್ರಿಡ್ ಗೆರೆ 22ರಲ್ಲೇ ಕೂತಿರುತ್ತದೆ. ನೋಡೋಕೇ ಖುಷಿ! ಸಂಜೆಗೆ ಎಷ್ಟು ಚಾರ್ಜ್ ಉಳಿಸಿಕೊಳ್ಳುತ್ತೇನೆ, ಯಾವ ಮೋಟರ್ ಯಾವುದರ ಹಿಂದೆ ಶುರುವಾಗುತ್ತದೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ.

ನಡುವೆ ಇನ್ನೊಂದು ಮಾಡಿ ನೋಡಿದೆ. ಸರಕು ತಡೆಯುವಷ್ಟರ ಮಟ್ಟಿಗೆ, ಮಧ್ಯಾಹ್ನ ಬಿಸಿಲಿರುವಾಗ ಕೋಲ್ಡ್ ರೂಮನ್ನು ಎರಡು ಡಿಗ್ರಿ ಜಾಸ್ತಿ ತಣ್ಣಗೆ ಮಾಡುವುದು. ಸಂಜೆ ಕಂಪ್ರೆಸರ್ ಗಂಟೆಗೂ ಮೇಲೆ ಸುಮ್ನೆ ಇರುತ್ತದೆ. ಪೈಸೆ ಖರ್ಚಿಲ್ಲದ ಬ್ಯಾಟರಿ ಅಲ್ವಾ? ಕೆಲವು ಪ್ಯಾನೆಲ್‌ಗಳನ್ನು ಪಶ್ಚಿಮಕ್ಕೂ ತಿರುಗಿಸಿದೆ. ದಿನದ ಒಟ್ಟು ಯೂನಿಟ್ ಸ್ವಲ್ಪ ಇಳಿಯಿತು, ನಾಲ್ಕು ಗಂಟೆಯ ನಂತರದ್ದು ಏರಿತು. ನನಗೆ ಬೇಕಾಗಿದ್ದೂ ಅದೇ.

ಬಿಲ್ ಈಗ ಮೊದಲಿನ ಶೇಕಡ 40ರ ಆಸುಪಾಸು. ಆ ಲೆಡ್ ಆಸಿಡ್ ನಷ್ಟವನ್ನೂ ಸೇರಿಸಿ, ಐದು ವರ್ಷ ತುಂಬುವ ಮೊದಲೇ ಹಾಕಿದ ದುಡ್ಡು ವಾಪಸ್ ಬಂತು. ಮಂಜೂರಾದ ಲೋಡನ್ನು ಹೆಚ್ಚಿಸದೆಯೇ ಎರಡನೇ ಕೋಲ್ಡ್ ರೂಮನ್ನೂ ಶುರು ಮಾಡಿದ್ದೇನೆ.