ಮಗುವಿನ ಚಲನಾ ಕೌಶಲ: ಮಗುವಿನ ಅಂದಾಜನ್ನೂ ನಿಮ್ಮ ಅಂದಾಜನ್ನೂ ತೂಗಿ ನೋಡುವ ಬಗೆ

ಓಡುವುದು, ಕುಪ್ಪಳಿಸುವುದು, ಚೆಂಡು ಎಸೆಯುವುದು, ಹಿಡಿಯುವುದು ಮೊದಲಾದ ಕೌಶಲಗಳಲ್ಲಿ ಮಗು ಎಷ್ಟು ಪಳಗಿದೆ ಎಂದು ಕೇಳಿದರೆ ಮಗುವಿನ ಉತ್ತರ ಒಂದಾಗಿ, ತಂದೆತಾಯಿಯ ಉತ್ತರ ಇನ್ನೊಂದಾಗಿರುವುದು ಸಾಮಾನ್ಯ. ದೊಡ್ಡವರ ಮಾತೇ ಸರಿಯೆಂದು ನಾವು ಎಣಿಸುತ್ತೇವೆ. ಆದರೆ ಅದೂ ಒಂದು ಅಂದಾಜೇ.

ಆದ್ದರಿಂದ ಮಗುವನ್ನು ಕೇಳುವ ಮೊದಲೇ ನಿಮ್ಮ ಅಂದಾಜನ್ನು ಬರೆದಿಡಿ. 'ಚುರುಕಾಗಿದೆ' ಎಂಬ ಒಟ್ಟು ಮಾತು ಸಾಲದು. ಚೆನ್ನಾಗಿ ಓಡುವ ಮಗು ಚೆಂಡು ಹಿಡಿಯುವುದರಲ್ಲಿ ಹಿಂದಿರಬಹುದಾದ ಕಾರಣ ಒಂದೊಂದು ಕೌಶಲವನ್ನೂ ಬೇರೆಯಾಗಿಯೇ ಬರೆಯಬೇಕು. ಅಕ್ಕ ಅಥವಾ ಅಣ್ಣನೊಡನೆ ಹೋಲಿಸುವುದನ್ನೂ, ಚೆಂಡಾಟ ಹುಡುಗರಿಗೇ ಒಲಿಯುತ್ತದೆ ಎಂಬ ಎಣಿಕೆಯನ್ನೂ ಬದಿಗಿಡಿ.

ಅನಂತರ ಮಗುವಿನ ಸರದಿ. 'ನಿನಗೆ ಬರುತ್ತದೆಯೇ?' ಎಂದು ನೇರವಾಗಿ ಕೇಳಿದರೆ ಚಿಕ್ಕ ಮಕ್ಕಳು ಬಹುಮಟ್ಟಿಗೆ 'ಬರುತ್ತದೆ' ಎಂದೇ ಹೇಳುತ್ತಾರೆ. ಮಗು ತನ್ನನ್ನು ಹೇಗೆ ಎಣಿಸಿಕೊಳ್ಳುತ್ತದೆ ಎಂದು ಚಿತ್ರಗಳಿಂದ ಅಳೆಯಲು ಮನೋವಿಜ್ಞಾನಿ ಸೂಸನ್ ಹಾರ್ಟರ್ ಮತ್ತು ಪೈಕ್ 1984ರಲ್ಲಿ ಪ್ರಕಟಿಸಿದ ಚಿತ್ರಮಾಪಕದ ಉಪಾಯ ಇಲ್ಲಿ ಒದಗುತ್ತದೆ: ಚೆಂಡನ್ನು ಹಿಡಿದ ಮಗುವಿನದೊಂದು, ಕೈತಪ್ಪಿಸಿಕೊಂಡ ಮಗುವಿನದೊಂದು ಚಿತ್ರ ಬಿಡಿಸಿ, 'ಇವರಲ್ಲಿ ನಿನ್ನಂತೆ ಇರುವವರು ಯಾರು?' ಎಂದು ಕೇಳಿ. ಒಂದನ್ನು ಆರಿಸಿದ ಮೇಲೆ 'ತುಂಬಾ ಹಾಗೆಯೋ, ಸ್ವಲ್ಪ ಹಾಗೆಯೋ?' ಎಂದು ಕೇಳಿ. ಉತ್ತರ ಏನೇ ಬಂದರೂ ಹುಬ್ಬೇರಿಸಬೇಡಿ.

ಕೊನೆಗೆ ಕಣ್ಣಾರೆ ನೋಡಿ. ಚೆಂಡು ಎಷ್ಟು ದೂರ ಹೋಯಿತು ಎಂಬುದಕ್ಕಿಂತ ದೇಹ ಹೇಗೆ ಚಲಿಸಿತು ಎಂಬುದು ಮುಖ್ಯ, ಏಕೆಂದರೆ ದೂರವನ್ನು ಮಗುವಿನ ಎತ್ತರ ಮತ್ತು ಬಲವೂ ನಿರ್ಧರಿಸುತ್ತವೆ. ಬಲಗೈಯಿಂದ ಎಸೆಯುವ ಮಗು ಎಡಗಾಲನ್ನು ಮುಂದಿಟ್ಟು ಸೊಂಟವನ್ನು ತಿರುಗಿಸಿದರೆ ಕೌಶಲ ಮಾಗಿದೆ. ಬಲಗಾಲನ್ನೇ ಮುಂದಿಟ್ಟು, ಮೈ ಅಲುಗದೆ ಬರೀ ತೋಳಿನಿಂದ ಎಸೆದರೆ ಇನ್ನೂ ಮಾಗುತ್ತಿದೆ. ಹಿಡಿಯುವಾಗ ಚೆಂಡನ್ನು ಎದೆಗೆ ಅವಚಿಕೊಳ್ಳುವುದೋ, ಅಂಗೈಗಳಲ್ಲೇ ಹಿಡಿಯುವುದೋ ಗಮನಿಸಿ. ಒಂದೇ ಸಲ ನೋಡಿ ತೀರ್ಮಾನಿಸಬೇಡಿ. ಬೇರೆ ಬೇರೆ ದಿನ ನೋಡುವುದು ಲೇಸು.

ಮೂರನ್ನೂ ಎದುರುಬದುರು ಇಟ್ಟಾಗ, ಏಳರೊಳಗಿನ ಮಗು ತನ್ನನ್ನು ಹೆಚ್ಚು ಎಣಿಸಿಕೊಂಡಿದ್ದರೆ ತಿದ್ದಲು ಹೋಗಬೇಡಿ. ಆ ವಯಸ್ಸಿನಲ್ಲಿ ಪ್ರಯತ್ನಕ್ಕೂ ಸಾಮರ್ಥ್ಯಕ್ಕೂ ವ್ಯತ್ಯಾಸ ಸ್ಪಷ್ಟವಾಗಿರುವುದಿಲ್ಲ, ಮತ್ತು ಬಿದ್ದರೂ ಮತ್ತೆ ಆಡಲು ಹಚ್ಚುವುದು ಆ ಹುರುಪೇ. ಸುಮಾರು ಎಂಟರ ಹೊತ್ತಿಗೆ ಮಗು ಓರಗೆಯವರೊಡನೆ ತನ್ನನ್ನು ಹೋಲಿಸಿಕೊಂಡು ಹೆಚ್ಚು ಸರಿಯಾಗಿ ಅಳೆಯತೊಡಗುತ್ತದೆ. ಆಗ 'ನನಗೆ ಬರುವುದಿಲ್ಲ' ಎಂಬ ಮಾತನ್ನು ಹೊಗಳಿಕೆಯಿಂದ ಮುಚ್ಚದೆ, ಆಟದಿಂದ ಹಿಂದೆ ಸರಿಯುತ್ತಿದೆಯೇ ಎಂದು ನೋಡಿ, ದೊಡ್ಡ ಮೆತ್ತನೆಯ ಚೆಂಡಿನಿಂದ, ಹತ್ತಿರದಿಂದ, ನೋಡುವವರಿಲ್ಲದ ಕಡೆ ಅಭ್ಯಾಸ ಮಾಡಿಸಿ.

ಎಡವುವುದು, ಗುಂಡಿ ಹಾಕಿಕೊಳ್ಳಲು ಅಥವಾ ಪೆನ್ಸಿಲ್ ಹಿಡಿಯಲು ಪರದಾಡುವುದು ದಿನನಿತ್ಯದ ಕೆಲಸಕ್ಕೇ ಅಡ್ಡಿಯಾದರೆ ಮಕ್ಕಳ ವೈದ್ಯರನ್ನು ಕಾಣಬೇಕು. ಮೈಕೈಗಳ ಚಲನೆಯನ್ನು ಹೊಂದಿಸಿಕೊಳ್ಳುವುದೇ ಕಷ್ಟವಾಗುವ, ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್ ಎಂಬ ಸಮಸ್ಯೆ ಶಾಲಾ ವಯಸ್ಸಿನ ಮಕ್ಕಳಲ್ಲಿ ಸುಮಾರು ಶೇ. 5ರಿಂದ 6ರಷ್ಟು ಮಂದಿಗೆ ಇರುತ್ತದೆ, ಅದನ್ನು ಸೋಮಾರಿತನವೆಂದು ಗದರುವವರೂ ಇದ್ದಾರೆ. ಬರೆದಿಟ್ಟ ಹಾಳೆಯನ್ನು ಜೊತೆಗೆ ಒಯ್ಯಿರಿ. ವೈದ್ಯರು ಕೇಳುವ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇರುತ್ತದೆ.