ಸೊನ್ನೆ ಡಿಗ್ರಿಗೇ ಹೆಚ್ಚು ಹೆದರಬೇಕು: ಫಿನ್ಲೆಂಡ್ ಚಳಿಗಾಲದಲ್ಲಿ ಕಾರು ಓಡಿಸುವ ನನ್ನ ಕ್ರಮ

ಔಲುವಿನಿಂದ ಕೆಮಿ ದಾಟಿ ರೊವಾನಿಯೆಮಿ ಕಡೆ ಹೋಗುವ 4ನೇ ಹೆದ್ದಾರಿಯಲ್ಲಿ ಮೈನಸ್ 25 ಇದ್ದ ದಿನಕ್ಕಿಂತ ಸೊನ್ನೆಯ ಆಸುಪಾಸಿನ ದಿನ ನಾನು ಹೆಚ್ಚು ನಿಧಾನ. ಕಡುಚಳಿಯಲ್ಲಿ ಮಂಜುಗಡ್ಡೆ ಒಣಗಿರುತ್ತದೆ, ಟೈರು ಅಷ್ಟೋ ಇಷ್ಟೋ ಕಚ್ಚುತ್ತದೆ. ಸೊನ್ನೆಯ ಹತ್ತಿರ ಅದರ ಮೇಲೆ ನೀರಿನ ತೆಳುಪದರ ಕೂತು ಹಿಡಿತವೇ ತಪ್ಪುತ್ತದೆ.

ಡ್ಯಾಶ್‌ಬೋರ್ಡ್ +3 ತೋರಿಸಿದರೆ ನಿಶ್ಚಿಂತೆ ಬೇಡ. ಅದು ಗಾಳಿಯ ಉಷ್ಣತೆ. ಮೋಡವಿಲ್ಲದ ರಾತ್ರಿ ರಸ್ತೆ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಸೊನ್ನೆಗಿಂತ ಕೆಳಗಿಳಿದಿರಬಹುದು. ಕೆಳಗಿನಿಂದಲೂ ತಣ್ಣಗಾಗುವ ಸೇತುವೆ ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತದೆ. ಹಾಗಾಗಿ ಹೊರಡುವ ಮುಂಚೆ ಇಲ್ಲಿನ ಸರ್ಕಾರಿ ಒಡೆತನದ ಸಂಚಾರ ಸಂಸ್ಥೆಯಾದ ಫಿನ್‌ಟ್ರಾಫಿಕ್ ನಕ್ಷೆಯಲ್ಲಿ ದಾರಿಯ ಕ್ಯಾಮೆರಾ ಮತ್ತು ರಸ್ತೆ ಮೇಲ್ಮೈಯ ಉಷ್ಣತೆ ಎರಡನ್ನೂ ನೋಡುತ್ತೇನೆ. ದಾರಿಯಲ್ಲಿ ನಂಬಬಹುದಾದ ಗುರುತು ಒಂದಿದೆ: ರಸ್ತೆ ಕಪ್ಪಗೆ ಒದ್ದೆಯಾಗಿ ಕಂಡರೂ ಮುಂದಿನ ಗಾಡಿಯ ಚಕ್ರದಿಂದ ನೀರು ಚಿಮ್ಮುತ್ತಿಲ್ಲವೆಂದರೆ ಅದು ಮಂಜುಗಡ್ಡೆ. ಮಂಜುಗಡ್ಡೆ ಕರಗಿಸಲು ಉಪ್ಪು ಹಾಕಿದ್ದಾರೆಂದು ಧೈರ್ಯ ಮಾಡಬೇಡಿ, ಮೈನಸ್ 6ರ ಕೆಳಗೆ ಅದು ಹೆಚ್ಚು ಕೆಲಸ ಮಾಡುವುದಿಲ್ಲ.

ನವೆಂಬರ್ 1ರಿಂದ ಮಾರ್ಚ್ ಕೊನೆಯವರೆಗೆ ಹವೆ ಅಥವಾ ರಸ್ತೆ ಬೇಡಿದರೆ ಚಳಿಗಾಲದ ಟೈರು ಕಡ್ಡಾಯ. ಕಾನೂನು ಕೇಳುವುದು 3 ಮಿಲಿಮೀಟರ್ ಆಳದ ಗೀರು. ನಾನು 5ಕ್ಕೆ ಇಳಿದ ಕೂಡಲೇ ಬದಲಿಸುತ್ತೇನೆ. ಚಳಿಗಾಲದ ಟೈರಿನಲ್ಲಿ ಎರಡು ಬಗೆ: ಮಂಜುಗಡ್ಡೆಯನ್ನು ಕಚ್ಚಲು ಸಣ್ಣ ಲೋಹದ ಮೊಳೆಗಳಿರುವುದು, ಮೊಳೆಯಿಲ್ಲದ್ದು. ಪೇಟೆಯೊಳಗಷ್ಟೇ ಓಡಾಡುವವರಿಗೆ ಮೊಳೆಯಿಲ್ಲದ ಟೈರು ಸಾಕು. ಹೆದ್ದಾರಿ ಹಿಡಿಯುವವರು ಮೊಳೆ ಟೈರನ್ನೇ ಹಾಕಿಸಿ, ಒದ್ದೆ ಮಂಜುಗಡ್ಡೆಯ ಮೇಲೆ ವ್ಯತ್ಯಾಸ ಗೊತ್ತಾಗುತ್ತದೆ. ಹೊಸ ಮೊಳೆಗಳು ಗಟ್ಟಿಯಾಗಿ ಕೂರಲು ಮೊದಲ 500 ಕಿ.ಮೀ. ಮೆಲ್ಲಗೆ ಓಡಿಸಬೇಕು, ಜೋರಾಗಿ ಎಳೆದರೆ ಕಿತ್ತುಹೋಗುತ್ತವೆ. 10 ಡಿಗ್ರಿ ಇಳಿದಂತೆಲ್ಲ ಟೈರಿನ ಒತ್ತಡ ಸುಮಾರು 0.1 ಬಾರ್ ಕುಗ್ಗುತ್ತದೆ. +20ರ ಗ್ಯಾರೇಜಿನಲ್ಲಿ ಸರಿಯಾಗಿ ತುಂಬಿಸಿದ ಗಾಳಿ ಮೈನಸ್ 20ರಲ್ಲಿ 0.4 ಬಾರ್ ಕಡಿಮೆ ಇರುತ್ತದೆ.

ಹೊರಡುವ ಮುಂಚೆ ಎಂಜಿನನ್ನು ವಿದ್ಯುತ್ತಿನಿಂದ ಬೆಚ್ಚಗಾಗಿಸುವ ಎಂಜಿನ್ ಹೀಟರನ್ನು ರಾತ್ರಿಯಿಡೀ ಉರಿಸುವುದು ವಿದ್ಯುತ್ತಿನ ದಂಡ. ಮೈನಸ್ 5ರವರೆಗೆ ಅರ್ಧ ಗಂಟೆ, ಮೈನಸ್ 10ರವರೆಗೆ ಒಂದು ಗಂಟೆ, ಮೈನಸ್ 20ರವರೆಗೆ ಎರಡು, ಅದಕ್ಕೂ ಕೆಳಗೆ ಮೂರು ಗಂಟೆ. ಹೀಟರಿನ ವೈರು ಚುಚ್ಚುವ ಪಾರ್ಕಿಂಗ್ ಕಂಬದ ಟೈಮರಿಗೆ ಇಷ್ಟೇ ಇಡುತ್ತೇನೆ. ಹೊರಡುವಾಗ ವೈರು ಕಿತ್ತಿದ್ದೇನೆಯೇ ಎಂದು ನೋಡುವುದು ಮರೆಯಬಾರದು.

ಹಿಮ ತೆಗೆಯುವಾಗ ಗಾಜಷ್ಟೇ ಅಲ್ಲ, ಚಾವಣಿಯನ್ನೂ ಗುಡಿಸಿ. ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಅಷ್ಟೂ ಮುಂಗಾಜಿನ ಮೇಲೆ ಜಾರಿ ಬೀಳುತ್ತದೆ. ಎಲ್‌ಇಡಿ ಹೆಡ್‌ಲೈಟಿನ ಗಾಜು ಬಿಸಿಯಾಗುವುದಿಲ್ಲ, ಹಾಗಾಗಿ ಓಡುತ್ತಿರುವಾಗಲೇ ಹಿಮ ಮೆತ್ತಿಕೊಳ್ಳುತ್ತದೆ. ಆಗಾಗ ನಿಲ್ಲಿಸಿ ಒರೆಸಬೇಕು. ಇನ್ನೊಂದು: ಎಷ್ಟೋ ಕಾರುಗಳಲ್ಲಿ ಹಗಲಿನ ದೀಪ ಉರಿಯುವಾಗ ಹಿಂದಿನ ಕೆಂಪು ದೀಪ ಉರಿಯುವುದೇ ಇಲ್ಲ. ಹಿಮದ ಧೂಳಿನಲ್ಲಿ ಹಿಂದಿನವರಿಗೆ ನೀವು ಕಾಣುವುದಿಲ್ಲ. ಲೋ ಬೀಮನ್ನು ಕೈಯಾರೆ ಹಾಕಿಕೊಳ್ಳಿ.

80 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ಡಾಂಬರಿನಲ್ಲಿ ಕಾರು ಸುಮಾರು 35 ಮೀಟರಿಗೆ ನಿಲ್ಲುತ್ತದೆ. ರಸ್ತೆಯ ಹಿಡಿತವನ್ನು ಅಳೆಯುವ ಘರ್ಷಣಾಂಕ 0.15ಕ್ಕೆ ಇಳಿದ ಮಂಜುಗಡ್ಡೆಯಲ್ಲಿ 170 ಮೀಟರ್ ಬೇಕು. ಚಳಿಗಾಲ ಬಂದೊಡನೆ 100ರ ಫಲಕಗಳು ಬಹುಪಾಲು 80 ಆಗುವುದು ಇದಕ್ಕೇ. ಹಿಂದೆ ಯಾರೂ ಇಲ್ಲದ ನೇರ ಬೀದಿಯಲ್ಲಿ 20ರಿಂದ 30 ವೇಗದಲ್ಲಿ ಒಮ್ಮೆ ಬ್ರೇಕನ್ನು ಬಲವಾಗಿ ಒತ್ತಿ ನೋಡುತ್ತೇನೆ. ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಸಿಕ್ಕಿಕೊಳ್ಳದಂತೆ ತಡೆಯುವ ಎಬಿಎಸ್ ಬೇಗನೆ ಗಡಗಡಿಸಿದರೆ ಆ ದಿನದ ರಸ್ತೆ ಎಂಥದೆಂದು ತಿಳಿಯಿತು. ಊರಿನಲ್ಲಿ ಕಲಿತ ನಮ್ಮಲ್ಲಿ ಹಲವರಿಗೆ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತುವ ಅಭ್ಯಾಸ; ಎಬಿಎಸ್ ಇರುವ ಕಾರಿನಲ್ಲಿ ಅದನ್ನು ಬಿಡಬೇಕು. ಪೂರ್ತಿ ಒತ್ತಿ ಹಿಡಿದು ಸ್ಟಿಯರಿಂಗ್ ತಿರುಗಿಸಿ. ಎರಡು ಲೇನುಗಳ ನಡುವೆ ಕೆಸರುಹಿಮದ ದಿಬ್ಬ ದಾಟುವಾಗ ಮಾತ್ರ ಬ್ರೇಕೂ ಬೇಡ, ಥಟ್ಟನೆ ತಿರುಗಿಸುವುದೂ ಬೇಡ.

ಮೂಸ್ ಎಂಬ ಭಾರೀ ಗಾತ್ರದ ಕಾಡುಜಿಂಕೆ ಅಡ್ಡ ಬಂದು ತಪ್ಪಿಸಲೇಬೇಕಾದರೆ ಅದರ ಹಿಂಭಾಗದ ಕಡೆಗೆ ತಿರುಗಿಸಬೇಕು, ಅದು ಮುಂದಕ್ಕೇ ಓಡುವುದು ಹೆಚ್ಚು. ಉತ್ತರದ ಹಿಮಸಾರಂಗ ಹಾಗಲ್ಲ, ಹಿಂಡಾಗಿ ರಸ್ತೆಯ ಮೇಲೇ ನಡೆಯುತ್ತದೆ. ಒಂದು ದಾಟಿತೆಂದು ವೇಗ ಹೆಚ್ಚಿಸಬೇಡಿ. ಯಾವುದಕ್ಕೆ ಡಿಕ್ಕಿಯಾದರೂ ಎಚ್ಚರಿಕೆ ತ್ರಿಕೋನ ಇಟ್ಟು 112ಕ್ಕೆ ಕರೆ ಮಾಡಬೇಕು. ಹಿಮಸಾರಂಗ ಕಾಡುಪ್ರಾಣಿಯಲ್ಲ, ಅದಕ್ಕೆ ಒಡೆಯರಿರುತ್ತಾರೆ. ಕಾಡಿನ ನಡುವೆ ಜಾಗದ ಹೆಸರು ಹೇಳಲು ಬಾರದಿದ್ದರೆ, ‘112 ಸುವೊಮಿ’ ಆ್ಯಪ್‌ನಿಂದ ಕರೆ ಮಾಡಿದಾಗ ನೀವಿರುವ ಜಾಗ ತಾನಾಗಿಯೇ ಅವರಿಗೆ ತಲುಪುತ್ತದೆ.